‘ಎಲ್ಲ ಸರಿಯಾಗಿದೆ’ ಎಂಬ ಸಂದೇಶ ಕಳಿಸಿದ್ದು ನಾನಲ್ಲ

ಆ ರಾತ್ರಿ ಹತ್ತೂಕಾಲಿಗೆ ನನ್ನ ಮೊಬೈಲ್‌ನಿಂದ ಗೆಳತಿಗೆ ಒಂದು ಸಂದೇಶ ಹೋಯಿತು: ‘ಎಲ್ಲ ಸರಿಯಾಗಿದೆ, ಇನ್ನೂ ಎರಡು ಗಂಟೆ ಆಗುತ್ತದೆ, ಕಾಯಬೇಡ.’ ಅದನ್ನು ಓದಿ ಅವಳು ನೆಮ್ಮದಿಯಿಂದ ಮಲಗಿದಳು. ಟೈಪ್ ಮಾಡಿದವನು ಗಿರಾಕಿ. ನಾನು ಅವನಿಂದ ಮೂರು ಅಡಿ ದೂರದಲ್ಲಿ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಹೆಣಗುತ್ತಿದ್ದೆ.

ನನ್ನಂತೆ ಲೈಂಗಿಕ ಕೆಲಸ ಮಾಡುತ್ತ ಒಬ್ಬರೇ ಗಿರಾಕಿಗಳನ್ನು ನೋಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಂಧೆ ಬಿಟ್ಟುಬಿಡಿ ಎಂದು ಬುದ್ಧಿ ಹೇಳಲು ಬಂದವರು ಇಲ್ಲಿಗೇ ನಿಲ್ಲಿಸಬಹುದು, ಆ ಮಾತನ್ನು ಏಳು ವರ್ಷಗಳಿಂದ ಕೇಳಿದ್ದೇನೆ. ಎಚ್ಚರಿಕೆಯ ವಿಷಯದಲ್ಲಿ ನಾನು ಹೊಸಬಳಲ್ಲ. ಕೆಲಸಕ್ಕೆ ಬೇರೆ ನಂಬರ್, ಬೇರೆ ಹೆಸರು. ಮೊದಲ ಸಲ ಬರುವವರ ಜೊತೆ ಬರೀ ಸಂದೇಶದಲ್ಲಿ ಮುಗಿಸದೆ ಬಾಯಿಮಾತಿನಲ್ಲಿ ಮಾತಾಡುವುದು. ಚೌಕಾಸಿ ಮಾಡುವವನನ್ನು, ಕಾಂಡೋಮ್ ಬೇಡ ಎನ್ನುವವನನ್ನು, ‘ನೀನು ಒಬ್ಬಳೇ ಇರುತ್ತೀಯಾ?’ ಎಂದು ಎರಡು ಸಲ ಕೇಳುವವನನ್ನು ಆಗಲೇ ಬಿಟ್ಟುಬಿಡುವುದು. ಗೆಳತಿಗೆ ವಿಳಾಸ ಕೊಟ್ಟು, ಒಳಗೆ ಹೋದಾಗ ಒಂದು ಫೋನ್, ಹೊರಬಂದಾಗ ಒಂದು ಫೋನ್. ಇಷ್ಟೆಲ್ಲ ಇದ್ದೂ ಆದದ್ದು ಇದು.

ಅವನು ಮೂರನೆಯ ಸಲ ಬಂದವನು. ಮೊದಲೆರಡು ಸಲ ಕೈಗೆ ಸರಿಯಾಗಿ ಹಣ ಕೊಟ್ಟಿದ್ದ, ಹೊರಡುವಾಗ ಟವೆಲನ್ನು ಮಡಿಸಿಟ್ಟಿದ್ದ. ಹಳೆಯ ಗಿರಾಕಿ ಎಂದರೆ ನಮಗೆ ಅರ್ಧ ಭಯ ಹೋಗಿಬಿಡುತ್ತದೆ. ಆದರೆ ಆ ಎರಡೂ ಸಲ ಅವನು ನನ್ನನ್ನು ಓದುತ್ತಿದ್ದ ಎಂಬುದು ಈಗ ಅರ್ಥವಾಗುತ್ತದೆ. ಬಂದ ಕೂಡಲೇ ಅವನೆದುರೇ ಗೆಳತಿಗೆ ಫೋನ್ ಮಾಡಿ ‘ಬಂದಿದ್ದಾರೆ, ಹತ್ತಕ್ಕೆ ಮಾತಾಡುತ್ತೇನೆ’ ಎನ್ನುತ್ತಿದ್ದೆ. ಇದು ಒಳ್ಳೆಯ ಅಭ್ಯಾಸ, ಈಗಲೂ ಬಿಟ್ಟಿಲ್ಲ. ನಿನ್ನ ಬಗ್ಗೆ ಹೊರಗೆ ಒಬ್ಬರಿಗೆ ಗೊತ್ತಿದೆ ಎಂದು ತಿಳಿದರೆ ಹಲವರ ಕೆಟ್ಟ ಯೋಚನೆ ಅಲ್ಲೇ ಮುದುಡುತ್ತದೆ. ಆದರೆ ಮುಗಿದ ಮೇಲೆ ನಾನು ಏನು ಕಳಿಸುತ್ತೇನೆ ಎಂಬುದನ್ನೂ ಅವನು ಪಕ್ಕದಲ್ಲಿ ನಿಂತು ನೋಡಿದ್ದ. ‘ಎಲ್ಲ ಸರಿಯಾಗಿದೆ.’ ಎರಡು ಸಲವೂ ಅದೇ ಪದಗಳು.

ಮೂರನೆಯ ಸಲ, ನಾನು ಹೊರಡಲು ಇಪ್ಪತ್ತು ನಿಮಿಷ ಇರುವಾಗ ಫೋನ್ ಬಂತು. ಹೋಟೆಲಿನಲ್ಲಿ ಏನೋ ತೊಂದರೆ, ಸ್ನೇಹಿತನ ಮನೆ ಖಾಲಿಯಿದೆ, ಅಲ್ಲಿಗೆ ಬಾ, ಹಣ ಜಾಸ್ತಿ ಕೊಡುತ್ತೇನೆ. ಕೊನೆಯ ಗಳಿಗೆಯಲ್ಲಿ ಜಾಗ ಬದಲಾದರೆ ಕೆಲಸ ರದ್ದು ಎಂದು ಹೊಸ ಹುಡುಗಿಯರಿಗೆ ಹೇಳಿಕೊಟ್ಟವಳೇ ನಾನು. ಬಾಡಿಗೆ ಕಟ್ಟುವ ವಾರ ಅದು. ಹೋದೆ.

ಹೊಸ ವಿಳಾಸವನ್ನು ಲಿಫ್ಟಿನಲ್ಲಿ ಟೈಪ್ ಮಾಡಿದೆ; ಅಲ್ಲಿ ಸಿಗ್ನಲ್ ಇರಲಿಲ್ಲ, ಸಂದೇಶ ಹೋಗಲೇ ಇಲ್ಲ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿದ್ದೆ, ಆದರೆ ಒಂದು ಗಂಟೆಗೆ. ಅದರಲ್ಲಿ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಮೂರೇ ಆಯ್ಕೆಗಳಿವೆ. ಎಂಟನ್ನೇ ಒತ್ತಿ. ಒತ್ತಿದರೂ ಆ ಕಡೆ ಯಾರಾದರೂ ನೋಡುತ್ತಿರಬೇಕಲ್ಲ. ವಿಳಾಸ ಕೈಯಲ್ಲಿದೆ ಎಂದುಕೊಂಡು ನನ್ನ ಗೆಳತಿ ನಕ್ಷೆಯನ್ನು ತೆರೆಯಲೇ ಇಲ್ಲ, ಮತ್ತು ಅವಳ ಕೈಯಲ್ಲಿದ್ದದ್ದು ಹೋಟೆಲಿನ ವಿಳಾಸ.

ಅವನು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಸಿದ. ಹಣ ಒಳಕೋಣೆಯಲ್ಲಿದೆ ಎಂದ. ಎರಡು ಹೆಜ್ಜೆ ಹಿಂದೆಯೇ ನಾನು ತಿರುಗಿ ಹೊರಡಬೇಕಾಗಿತ್ತು. ಒಳಗೆ ಹೋದದ್ದೇ ತಡ, ನನ್ನ ಕುತ್ತಿಗೆಯಲ್ಲಿದ್ದ ಶಾಲನ್ನೇ ಹಿಡಿದು ಎಳೆದ. ಮುಂದಿನದನ್ನು ಇಲ್ಲಿ ವಿವರವಾಗಿ ಬರೆಯುವುದಿಲ್ಲ. ಅಂಥದ್ದನ್ನು ಆಸೆಯಿಂದ ಓದುವವರೂ ಇರುತ್ತಾರೆ. ಕಣ್ಣು ಕತ್ತಲಾದ ಸ್ಥಿತಿಯಲ್ಲಿ ಅವನು ನನ್ನ ಹೆಬ್ಬೆರಳನ್ನು ಹಿಡಿದು ಮೊಬೈಲ್‌ಗೆ ಒತ್ತಿದ, ಲಾಕ್ ತೆರೆಯಿತು, ಸಂದೇಶ ಹೋಯಿತು. ಹನ್ನೆರಡೂವರೆ ದಾಟಿದ ಮೇಲೆ ಅವನೇ ಬಾಗಿಲು ತೆರೆದು ಕಳಿಸಿದ. ನಾನು ತಪ್ಪಿಸಿಕೊಂಡು ಬಂದೆ ಎಂದು ಕೆಲವರು ಅಂದುಕೊಂಡಿದ್ದಾರೆ. ಇಲ್ಲ. ಅವನು ಬಿಟ್ಟ, ನಾನು ಬಂದೆ.

ಅಪಾಯವಾದರೆ ಹೇಳಲು ನಮ್ಮಿಬ್ಬರ ನಡುವೆ ಒಂದು ಸಂಕೇತವೂ ಇತ್ತು. ‘ಹಳದಿ ಚೀಲ ತಂದಿದ್ದೀಯಾ?’ ಎಂದು ಕೇಳಬೇಕು. ಅದನ್ನು ಗೊತ್ತುಮಾಡಿದ ದಿನ ಇಬ್ಬರೂ ನಕ್ಕಿದ್ದೆವು, ಆಮೇಲೆ ಒಮ್ಮೆಯೂ ಅಭ್ಯಾಸ ಮಾಡಲಿಲ್ಲ. ಗಂಟಲು ಹಿಸುಕಿಸಿಕೊಂಡವಳು ಹಳದಿ ಚೀಲದ ಮಾತು ಎಲ್ಲಿಂದ ತರಬೇಕು? ಅಪಾಯದಲ್ಲಿದ್ದಾಗ ಏನನ್ನಾದರೂ ಹೇಳಲೇಬೇಕಾದ ಸಂಕೇತ ಕೆಲಸಕ್ಕೆ ಬಾರದು. ಹೇಳದೆ ಇರುವುದೇ ಸಂಕೇತವಾಗಬೇಕು. ಈಗ ನಮ್ಮ ಏರ್ಪಾಡು ಹೀಗಿದೆ: ಗೊತ್ತಾದ ಸಮಯಕ್ಕೆ ಅವಳೇ ಫೋನ್ ಮಾಡುತ್ತಾಳೆ. ಬರೆದ ಸಂದೇಶಕ್ಕೆ ಮೂರು ಕಾಸಿನ ಬೆಲೆಯಿಲ್ಲ, ದನಿಯೇ ಬೇಕು. ಆ ಮಾತಿನಲ್ಲಿ ನಾನು ಅವಳನ್ನು ‘ಅಕ್ಕ’ ಎಂದು ಕರೆದರೆ ಮಾತ್ರ ಎಲ್ಲ ಸರಿಯಿದೆ ಎಂದರ್ಥ. ‘ಹೌದು, ಚೆನ್ನಾಗಿದ್ದೇನೆ, ಏನೂ ತೊಂದರೆಯಿಲ್ಲ’ ಎಂದು ಎಷ್ಟೇ ನಯವಾಗಿ ಹೇಳಲಿ, ಅಕ್ಕ ಬಾರದಿದ್ದರೆ ಅವಳು ಹೊರಡುತ್ತಾಳೆ. ಅವನು ಎದುರಿಗೆ ಕೂತು ಕೇಳಿಸಿಕೊಂಡರೂ ಏನು ಬಿಟ್ಟುಹೋಯಿತು ಎಂದು ಅವನಿಗೆ ತಿಳಿಯುವುದಿಲ್ಲ. (ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು. ಇಲ್ಲಿ ಬರೆದ ಮೇಲೆ ಆ ಪದವನ್ನು ಬದಲಿಸಿದ್ದೇವೆ ಎಂದು ಬೇರೆ ಹೇಳಬೇಕಾಗಿಲ್ಲ.)

ಹೊರಟು ಏನು ಮಾಡಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಫೋನ್ ಎತ್ತದಿದ್ದರೆ ಎಷ್ಟು ನಿಮಿಷ ಕಾಯಬೇಕು, ಯಾರನ್ನು ಕರೆದುಕೊಂಡು ಬರಬೇಕು, ಪೊಲೀಸರಿಗೆ ಹೇಳಬೇಕೋ ಬೇಡವೋ, ಹೇಳಿದರೆ ನನ್ನ ಕೆಲಸದ ಬಗ್ಗೆ ಎಷ್ಟು ಹೇಳಬೇಕು. ಆ ರಾತ್ರಿ ನನ್ನ ಗೆಳತಿಗೆ ಅನುಮಾನ ಬಂದಿದ್ದರೂ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಅದು ಅವಳ ತಪ್ಪಲ್ಲ.

ಅಮೆರಿಕದಲ್ಲಿ ಗ್ಯಾರಿ ರಿಡ್ಜ್‌ವೇ ಎಂಬವನು 2003ರಲ್ಲಿ 48 ಕೊಲೆಗಳನ್ನು ಒಪ್ಪಿಕೊಂಡ. ಸತ್ತವರಲ್ಲಿ ಹೆಚ್ಚಿನವರು ನಮ್ಮಂಥವರೇ. ಅವರು ಕಾಣೆಯಾದರೆ ಕೂಡಲೇ ಯಾರೂ ದೂರು ಕೊಡುವುದಿಲ್ಲ, ಅದಕ್ಕೇ ಆರಿಸಿಕೊಂಡೆ ಎಂದು ಅವನೇ ಹೇಳಿದ್ದ. ಆ ಹೆಂಗಸರ ನೆನಪಿಗಾಗಿಯೇ ಆ ವರ್ಷ ಶುರುವಾದದ್ದು ಡಿಸೆಂಬರ್ 17ರ ದಿನಾಚರಣೆ, ಲೈಂಗಿಕ ಕಾರ್ಯಕರ್ತೆಯರ ಮೇಲಿನ ಹಿಂಸೆಯ ವಿರುದ್ಧ. ಮೊದಲ ಸಲ ಇದನ್ನು ಓದಿದಾಗ ಎಲ್ಲಿಯದೋ ಕಥೆ ಅನ್ನಿಸಿತ್ತು. ಈಗ ಹತ್ತೂಕಾಲಿನ ಆ ಸಂದೇಶ ನೆನಪಾಗುತ್ತದೆ.

ಮೊಬೈಲ್ ಬಗ್ಗೆ ಇನ್ನೊಂದು ಮಾತು. ಬೆರಳಚ್ಚಾಗಲಿ ಮುಖವಾಗಲಿ, ಕೆಲಸಕ್ಕೆ ಹೋಗುವಾಗ ಬೇಡ. ಅಂಕಿಗಳ ಲಾಕ್ ಮಾತ್ರ ಇರಲಿ. ಬೆರಳನ್ನು ಬಲವಂತವಾಗಿ ಒತ್ತಿಸಬಹುದು, ನೆನಪನ್ನು ಕಸಿಯುವುದು ಅಷ್ಟು ಸುಲಭವಲ್ಲ. ಇತ್ತೀಚಿನ ಅನೇಕ ಮೊಬೈಲ್‌ಗಳಲ್ಲಿ ಪವರ್ ಬಟನನ್ನು ಐದು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ. ಸೆಟಿಂಗ್ಸ್‌ನಲ್ಲಿ ಅದು ಚಾಲೂ ಇದೆಯೇ, ಒತ್ತಿದಾಗ ಜೋರಾಗಿ ಸದ್ದು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಉಳಿದವು ನಿಮಗೆ ಗೊತ್ತಿರುವವೇ. ಒಳಗೆ ಹೋದ ಕೂಡಲೇ ಬಚ್ಚಲು, ಕಪಾಟು, ಇನ್ನೊಂದು ಕೋಣೆ ನೋಡಿ. ಬಾಗಿಲಿಗೂ ನಿಮಗೂ ನಡುವೆ ಅವನು ಇರಬಾರದು. ಹಣ ಮೊದಲು. ಕುಡಿಯಲು ನಿಮ್ಮದೇ ಬಾಟಲಿ. ಶಾಲು, ಸರ, ಹಿಂದೆ ಇಳಿಬಿಟ್ಟ ಜಡೆ ಎಲ್ಲವೂ ಹಿಡಿಯುವವನಿಗೆ ಹಗ್ಗವೇ. ಕಾರಾದರೆ ಹತ್ತುವ ಮೊದಲು ನಂಬರನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಹೇಳಿ, ನಿಮ್ಮ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ನೋಡಿ. ಚಾಕು ಇಟ್ಟುಕೋ, ಪೆಪ್ಪರ್ ಸ್ಪ್ರೇ ಇಟ್ಟುಕೋ ಎಂದು ಹೇಳುವವರು ಬೀಗ ಹಾಕಿದ ಕೋಣೆಯಲ್ಲಿ ಒಮ್ಮೆ ನಿಂತು ನೋಡಲಿ. ಚಾಕು ಕೈಬದಲಾಗಲು ಒಂದು ಕ್ಷಣ ಸಾಕು, ಸ್ಪ್ರೇ ಇಬ್ಬರ ಕಣ್ಣಿಗೂ ಬೀಳುತ್ತದೆ.

ಇಬ್ಬರು ಸೇರಿ ಕೆಲಸ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ ಒಬ್ಬಳು ಕೋಣೆಯಲ್ಲಿ ಗಿರಾಕಿಯನ್ನು ನೋಡುವುದು ಅಪರಾಧವಲ್ಲ, ಇಬ್ಬರು ಅದೇ ಜಾಗ ಹಂಚಿಕೊಂಡರೆ ಅದು ವೇಶ್ಯಾಗೃಹವಾಗುತ್ತದೆ. ನ್ಯೂಜಿಲೆಂಡಿನ 2003ರ ಕಾಯ್ದೆಯಲ್ಲಾದರೆ ನಾಲ್ವರವರೆಗೆ ಪರವಾನಗಿಯಿಲ್ಲದೆ ಒಟ್ಟಿಗೆ ದುಡಿಯಬಹುದು. ಒಂಟಿಯಾಗಿರುವುದು ಎಲ್ಲ ಕಡೆ ನಮ್ಮ ಹಟವಲ್ಲ.

ಕೊನೆಗೆ, ನಾನು ಮಾಡಿದ ಇನ್ನೊಂದು ದೊಡ್ಡ ತಪ್ಪು. ಕುತ್ತಿಗೆಯ ಮೇಲೆ ಗುರುತು ಹೆಚ್ಚಿರಲಿಲ್ಲ, ದನಿ ಮಾತ್ರ ಒಡೆದಿತ್ತು, ಎಂಜಲು ನುಂಗಲು ನೋವು. ಎರಡು ದಿನ ಮನೆಯಲ್ಲೇ ಬಿದ್ದುಕೊಂಡಿದ್ದೆ. ಆಸ್ಪತ್ರೆಯಲ್ಲಿ ವೈದ್ಯೆ ಗದರಿಸಿದರು. ಕತ್ತು ಹಿಸುಕಿದಾಗ ಹೊರಗೆ ಏನೂ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ತೊಂದರೆ ಗಂಟೆಗಳ ಅಥವಾ ದಿನಗಳ ನಂತರ ಕಾಣಿಸಿಕೊಳ್ಳಬಹುದು, ಅದೇ ದಿನ ತೋರಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಗಳೊಳಗೆ ಶುರುಮಾಡಿ 28 ದಿನ ತಪ್ಪದೆ ನುಂಗಬೇಕು. ಬೇಗ ಹೋದಷ್ಟೂ ಒಳ್ಳೆಯದು. ನಾನು ಹೋದಾಗ ಅರುವತ್ತು ಗಂಟೆ ಕಳೆದಿತ್ತು. ಗರ್ಭ ತಡೆಯುವ ತುರ್ತು ಮಾತ್ರೆಗೂ ಹಾಗೇ ಗಡುವು ಇದೆ. ಸಾಧ್ಯವಾದರೆ ಸ್ನಾನ ಮಾಡದೆ ಹೋಗಿ, ಉಟ್ಟ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಕಾಗದದ ಚೀಲದಲ್ಲಿ ಇಡಿ. ದೂರು ಕೊಡುವುದು ಬಿಡುವುದು ಆಮೇಲಿನ ಮಾತು, ಸಾಕ್ಷ್ಯ ಉಳಿದಿರಲಿ.

ಅವನ ಎತ್ತರ, ಮಾತಿನ ರೀತಿ, ಎಡಗೈಯ ಗಾಯದ ಕಲೆ, ಎರಡು ಫೋನ್ ನಂಬರ್ ಎಲ್ಲವನ್ನೂ ನಮ್ಮವರ ನಡುವೆ ಹಂಚಿದ್ದೇನೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1980ರ ದಶಕದಲ್ಲೇ ಕೆಟ್ಟ ಗಿರಾಕಿಗಳ ವಿವರವನ್ನು ಹಾಳೆಯಲ್ಲಿ ಅಚ್ಚುಹಾಕಿ ಹಂಚುತ್ತಿದ್ದರಂತೆ. ನಮ್ಮದೂ ಅದೇ ದಾರಿ. ಬರೆಯುವಾಗ ಅವನ ಗುರುತು ಬರಲಿ, ನಿಮ್ಮದು ಬಾರದಿರಲಿ.

ಹೊಸ ಏರ್ಪಾಡು ಮಾಡಿಕೊಂಡ ಮೂರನೆಯ ವಾರ, ಮಾತಿನ ಭರದಲ್ಲಿ ನಾನು ‘ಅಕ್ಕ’ ಎನ್ನುವುದನ್ನು ಮರೆತೆ. ಹದಿನಾಲ್ಕು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಹೊರಗೆ ಅವಳು, ಜೊತೆಗೆ ಇಬ್ಬರು. ಪಾಪ, ಒಳಗಿದ್ದವನು ಸಾಧು ಮನುಷ್ಯ, ಅಂಗಿಯ ಗುಂಡಿಯನ್ನು ತಪ್ಪಾಗಿ ಹಾಕಿಕೊಂಡೇ ಓಡಿದ. ಮತ್ತೆ ಬರಲಿಲ್ಲ. ಆ ದಿನದ ಹಣವನ್ನು ಅವನಿಗೆ ಹಿಂತಿರುಗಿಸಿದೆ.