ನ್ಯಾಷನಲ್ ಹರಿಕೇನ್ ಸೆಂಟರ್ ವೆಬ್‌ಸೈಟ್: ಬಿರುಗಾಳಿಯ ಜಾತಕ ಓದೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ (5ಕ್ಕೆ 4.5)

ಅಟ್ಲಾಂಟಿಕ್ ಸಾಗರದ ಹರಿಕೇನ್‌ಗಳ (ಅಂದರೆ ಜೋರಾದ ಚಂಡಮಾರುತಗಳ) ಮೇಲೆ ಕಣ್ಣಿಡುವ, ಅಮೆರಿಕದ ಮಿಯಾಮಿಯಲ್ಲಿರುವ ಈ ಕೇಂದ್ರದ ವೆಬ್‌ಸೈಟಿಗೆ ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ, ಜಾಹೀರಾತೂ ಇಲ್ಲ. ಮುಖ್ಯವಾದದ್ದೆಲ್ಲ ಬರೀ ಅಕ್ಷರದಲ್ಲಿದೆ. ಹಾಗಾಗಿ ಸಕಲೇಶಪುರದ ನಮ್ಮ ತೋಟದ ಕಡೆ ಮಳೆ ಹಿಡಿದು ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಾಗಲೂ ಪೇಜ್ ತೆರೆದುಕೊಳ್ಳುತ್ತದೆ.

ಕಾಫಿ ಬೆಳೆಯೋರಿಗೆ ಅಟ್ಲಾಂಟಿಕ್ ಯಾಕೆ ಅಂತೀರಾ? ಅರೇಬಿಕಾ ಕೊಯ್ಲಿನ ಹೊತ್ತಿಗೆ, ಕಣದ ತುಂಬ ಕಾಫಿ ಹರಡಿರುವಾಗ, ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಇಲ್ಲಿ ಮೋಡ ಕಟ್ಟಿ ಜಿಟಿಜಿಟಿ ಶುರುವಾಗುತ್ತದೆ, ಟಾರ್ಪಾಲು ಹಿಡಿದು ಓಡಬೇಕು. ನಮ್ಮ ಸಮುದ್ರದ ಬುಲೆಟಿನ್ ಕೊಡುವುದು ಭಾರತೀಯ ಹವಾಮಾನ ಇಲಾಖೆ, ಮಿಯಾಮಿಯವರಲ್ಲ. ಆದರೆ ಬುಲೆಟಿನ್ ಓದುವ ಅಭ್ಯಾಸ ಆಗಬೇಕಲ್ವಾ? ಅದಕ್ಕೆ ಇವರ ಹಳೆಯ ದಾಖಲೆಗಳೇ ಸರಿ.

ಮೊದಲಿಗೆ 2021ರ ಸ್ಯಾಮ್ ತೆಗೆದುಕೊಳ್ಳಿ. ಎಲ್ಲೂ ನೆಲ ಮುಟ್ಟದ ಬಿರುಗಾಳಿ ಅದು, ಆದ್ದರಿಂದ ಗಾಳಿ ಮತ್ತು ನೀರಿನ ಲೆಕ್ಕ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಸೆಪ್ಟೆಂಬರ್ 22ಕ್ಕೆ ಅದಕ್ಕೆ ಹೆಸರೂ ಇರಲಿಲ್ಲ, 18 ಅನ್ನೋ ನಂಬರ್ ಅಷ್ಟೇ. ಮಾರನೇ ದಿನ ಹೆಸರು ಬಂತು, 24ಕ್ಕೆ ಹರಿಕೇನ್ ಆಯಿತು, 26ಕ್ಕೆ ಗಾಳಿಯ ವೇಗ ಗಂಟೆಗೆ ಸುಮಾರು 250 ಕಿ.ಮೀ.! ಹರಿಕೇನ್‌ಗಳಲ್ಲಿ ಎಲ್ಲಕ್ಕಿಂತ ಜೋರಿನ 5ನೇ ದರ್ಜೆ ಶುರುವಾಗುವುದು 252ಕ್ಕೆ, ಕೂದಲೆಳೆಯಲ್ಲಿ ತಪ್ಪಿತು. ಕೆಳಗೆ ಬಿಸಿ ನೀರು, ಮೇಲೆ ಅದನ್ನು ಚದುರಿಸುವಂಥ ಅಡ್ಡ ಗಾಳಿ ಕಡಿಮೆ, ಅದಕ್ಕೇ ಅಷ್ಟು ಬೇಗ ಬೆಳೆಯಿತು. ಆಮೇಲೆ ಸ್ವಲ್ಪ ಇಳಿದು ಮತ್ತೆ ಏರಿತು. ಅಟ್ಲಾಂಟಿಕ್ ಮೇಲೆ ಕೂತಿದ್ದ ದೊಡ್ಡ ಅಧಿಕ ಒತ್ತಡದ ಅಂಚು ಹಿಡಿದೇ ಅದು ಬಡಗಣಕ್ಕೆ ತಿರುಗಿ, ಬರ್ಮುಡಾದ ಪೂರ್ವಕ್ಕೆ ದಾಟಿ, ತಣ್ಣೀರಿಗೆ ಬಿದ್ದು, ಅಕ್ಟೋಬರ್ 5ರ ಹೊತ್ತಿಗೆ ಹರಿಕೇನಿನ ಸ್ವಭಾವವನ್ನೇ ಕಳೆದುಕೊಂಡಿತು. ದಡಕ್ಕೆ ಬಂದದ್ದು ಹೆಚ್ಚಾಗಿ ದೊಡ್ಡ ಅಲೆಗಳು.

ಸೆಪ್ಟೆಂಬರ್ 30ರಂದು ಸೇಲ್‌ಡ್ರೋನ್ ಅನ್ನೋ ಏಳು ಮೀಟರ್ ಉದ್ದದ ಮನುಷ್ಯರಿಲ್ಲದ ದೋಣಿ ಈ ಸ್ಯಾಮ್ ಒಳಗೇ ನುಗ್ಗಿ ವಿಡಿಯೋ ತೆಗೆದು ಕಳಿಸಿತು. ಸುಮಾರು 15 ಮೀಟರ್ ಎತ್ತರದ ಅಲೆಗಳು, ಕ್ಯಾಮೆರಾ ಪೂರ್ತಿ ವಾಲಿ ಹೋಗುತ್ತದೆ, ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ಅದನ್ನು ನೋಡಿ ಬುಲೆಟಿನ್‌ಗೆ ವಾಪಸ್ ಬಂದರೆ ಅಲ್ಲಿನ ಅಂಕಿಗಳಿಗೆ ಜೀವ ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿರುವುದು 'ಡಿಸ್ಕಷನ್' ಅನ್ನೋ ಭಾಗ. ಬಿರುಗಾಳಿಯ ದಾರಿ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳು ಎಲ್ಲಿ ಒಂದಕ್ಕೊಂದು ಒಪ್ಪುತ್ತಿಲ್ಲ, ಮುನ್ಸೂಚನೆ ಬರೆಯುವ ತಾವು ಯಾವುದನ್ನು ನಂಬಿದೆವು, ಯಾಕೆ ನಂಬಿದೆವು ಅಂತ ಬರೆದು ಕೆಳಗೆ ತಮ್ಮ ಹೆಸರು ಹಾಕುತ್ತಾರೆ. ಬಿರುಗಾಳಿ ಮುಗಿದ ಮೇಲೆ ಬರುವ ವರದಿಯಲ್ಲಿ ಮುನ್ಸೂಚನೆ ಎಷ್ಟು ದೂರ ತಪ್ಪಿತು ಅನ್ನೋ ಪಟ್ಟಿಯನ್ನೂ ಕೊಡುತ್ತಾರೆ. ಹವಾಮಾನ ಹೇಳುವವರನ್ನು ನಂಬೋಕೆ ನನಗೆ ಇಷ್ಟು ಸಾಕು.

ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಭಾಷೆಗೆ. ಡಿಸ್ಕಷನ್‌ನಲ್ಲಿ ಗಾಳಿಯ ವೇಗ ಹೆಚ್ಚಾಗಿ ನಾಟ್ ಲೆಕ್ಕದಲ್ಲಿ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.), ಗಟ್ಟಿ ಇಂಗ್ಲಿಷ್, ಶಾರ್ಟ್‌ಫಾರ್ಮ್‌ಗಳು ಜಾಸ್ತಿ. ನಕ್ಷೆಯ ಬಿಳಿ ಕೋನ್ ಕೂಡ ಹೊಸಬರ ದಾರಿ ತಪ್ಪಿಸುತ್ತದೆ. ಅದು ಬಿರುಗಾಳಿಯ ಗಾತ್ರ ಅಲ್ಲ, ಅದರ ನಡುಭಾಗ ಹೋಗಬಹುದಾದ ದಾರಿ. ಮೂರರಲ್ಲಿ ಒಂದು ಸಲ ಆ ಕೋನ್‌ನ ಹೊರಗೂ ಹೋಗುತ್ತದೆ.

ನೇರವಾಗಿ ನೋಡಬೇಕು ಅಂದರೆ ಜೂನ್‌ನಿಂದ ನವೆಂಬರ್‌ವರೆಗೆ ಸೀಸನ್. ಬಿರುಗಾಳಿ ಇದ್ದಾಗ ಆರು ಗಂಟೆಗೊಂದು ಬುಲೆಟಿನ್ ಬರುತ್ತದೆ. ನಮ್ಮ ಟೈಮಿನಲ್ಲಿ ಬೆಳಿಗ್ಗೆ 8.30ರದ್ದು ಓದಿ, ತೋಟಕ್ಕೆ ಹೊರಡುವ ಮುಂಚೆ ಆಗುತ್ತದೆ.