ಎಡಕ್ಕೆ ಚೀಲ, ಬಲಕ್ಕೆ ಇಂಚು: ಎರಡು ಅಕ್ಷದ ಕಂಬ ಚಾರ್ಟ್‌ಗೆ ಯಾವುದು ವಾಸಿ?

ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಅಪ್ಪ ದಿನಾ ಬೆಳಗ್ಗೆ ಮಳೆ ಮಾಪಕ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ನಮ್ಮಲ್ಲಿ ಮಳೆ ಅಂದರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಅದೇ ಡೈರಿಯ ಕೊನೇ ಪುಟದಲ್ಲಿ ರೊಬಸ್ಟಾ ಎಷ್ಟು ಚೀಲ, ಅರೇಬಿಕಾ ಎಷ್ಟು ಚೀಲ ಅಂತ ಇರುತ್ತದೆ. ಚೀಲಕ್ಕೆ 50 ಕೆ.ಜಿ. ಹತ್ತು ವರ್ಷದ್ದನ್ನು ಒಂದೇ ಚಿತ್ರದಲ್ಲಿ ನೋಡುವ ಆಸೆಯಾಯಿತು. ವರ್ಷಕ್ಕೆ ಮೂರು ಕಂಬ: ಎರಡು ಕಾಫಿಯದು, ಒಂದು ಹೂಮಳೆಯದು, ಅಂದರೆ ಮಾರ್ಚ್ ಹೊತ್ತಿಗೆ ಬಂದು ಕಾಫಿ ಗಿಡ ಹೂ ಬಿಡುವಂತೆ ಮಾಡುವ ಮಳೆಯದು.

ಚೀಲ ನೂರರ ಲೆಕ್ಕದಲ್ಲಿ, ಹೂಮಳೆ ನಾಲ್ಕೈದು ಇಂಚು. ಒಂದೇ ಅಕ್ಷದಲ್ಲಿ ಹಾಕಿದರೆ ಮಳೆಯ ಕಂಬ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಬಲಗಡೆ ಇನ್ನೊಂದು ಅಕ್ಷ ಬೇಕೇ ಬೇಕು. ಇದನ್ನು ಎಕ್ಸೆಲ್, ಲಿಬ್ರೆ ಆಫೀಸ್ ಕ್ಯಾಲ್ಕ್, ಮ್ಯಾಟ್‌ಪ್ಲಾಟ್‌ಲಿಬ್ ಮೂರರಲ್ಲೂ ಮಾಡಿ ನೋಡಿದೆ.

ಮೊದಲು ಎಕ್ಸೆಲ್. ಚಾರ್ಟ್‌ಗೆ ಮುಂಚೆ ಡೈರಿಯೇ ಕೈಕೊಟ್ಟಿತು. ಅಪ್ಪ 2 ಇಂಚು 10 ಸೆಂಟನ್ನು '2-10' ಅಂತ ಬರೆಯುತ್ತಾರೆ. ನಾನೂ ಹಾಗೇ ಟೈಪ್ ಮಾಡಿದೆ. ಎಕ್ಸೆಲ್ ಅದನ್ನು ತಾರೀಕು ಅಂದುಕೊಂಡು ಅಕ್ಟೋಬರ್ 2 ಮಾಡಿತು. ಹೂಮಳೆ ಹೋಗಿ ಗಾಂಧಿ ಜಯಂತಿ! ಎಲ್ಲವನ್ನೂ 2.10 ಅಂತ ತಿದ್ದಿ ಮುಂದೆ ಹೋದೆ.

ಮಳೆಯ ಕಂಬದ ಮೇಲೆ ರೈಟ್ ಕ್ಲಿಕ್, 'ಫಾರ್ಮ್ಯಾಟ್ ಡೇಟಾ ಸೀರೀಸ್', 'ಸೆಕೆಂಡರಿ ಆಕ್ಸಿಸ್'. ಬಲಗಡೆ ಅಕ್ಷ ಬಂತು. ಜೊತೆಗೆ ಮಳೆಯ ಕಂಬ ಹೋಗಿ ಕಾಫಿ ಕಂಬಗಳ ಎದುರಿಗೇ ನಿಂತಿತು. ಎರಡು ಅಕ್ಷದ ಕಂಬಗಳನ್ನು ಎಕ್ಸೆಲ್ ಎರಡು ಬೇರೆ ಬೇರೆ ಗುಂಪು ಅಂತ ನೋಡುತ್ತದೆ, ಒಂದರ ಮೇಲೊಂದು ಬಿಡಿಸುತ್ತದೆ. ಪಕ್ಕಪಕ್ಕ ನಿಲ್ಲಿಸುವ ಬಟನ್ ಇರಬೇಕು ಅಂತ ಹುಡುಕಿದ್ದೇ ಬಂತು.

ದಾರಿ ಏನಪ್ಪಾ ಅಂದರೆ ಖಾಲಿ ಕಾಲಂ. ಎಡ ಅಕ್ಷಕ್ಕೆ ರೊಬಸ್ಟಾ, ಅರೇಬಿಕಾ, ಆಮೇಲೆ ಒಂದು ಖಾಲಿ. ಬಲ ಅಕ್ಷಕ್ಕೆ ಎರಡು ಖಾಲಿ, ಆಮೇಲೆ ಮಳೆ. ಎರಡೂ ಕಡೆ ಮೂರು ಮೂರು ಜಾಗ ಆಯಿತಲ್ಲ, ಮಳೆ ಮೂರನೇ ಜಾಗದಲ್ಲಿ ಬಂದು ಕೂರುತ್ತದೆ. 'ಗ್ಯಾಪ್ ವಿಡ್ತ್' (ಒಂದು ವರ್ಷದ ಕಂಬಗಳಿಗೂ ಮುಂದಿನ ವರ್ಷದ್ದಕ್ಕೂ ನಡುವಿನ ಅಂತರ) ಎರಡೂ ಗುಂಪಿಗೆ ಒಂದೇ ಇರಬೇಕು, ಇಲ್ಲದಿದ್ದರೆ ಕಂಬಗಳ ದಪ್ಪ ಹೆಚ್ಚುಕಡಿಮೆಯಾಗುತ್ತದೆ. ಲೆಜೆಂಡ್‌ನಲ್ಲಿ, ಅಂದರೆ ಯಾವ ಬಣ್ಣ ಯಾವುದರದು ಅಂತ ಹೇಳುವ ಪಟ್ಟಿಯಲ್ಲಿ, ಬರುವ ಖಾಲಿ ಹೆಸರುಗಳನ್ನು ಒಂದೊಂದಾಗಿ ಆರಿಸಿ ಡಿಲೀಟ್ ಮಾಡಬೇಕು. ಕೆಲಸ ಆಗುತ್ತದೆ, ಆದರೆ ಆರು ತಿಂಗಳ ನಂತರ ಫೈಲ್ ತೆರೆದರೆ ಈ ಖಾಲಿ ಕಾಲಂ ಯಾಕೆ ಅಂತ ನಿಮಗೇ ಮರೆತಿರುತ್ತದೆ.

ಎಕ್ಸೆಲ್ ಥರದ್ದೇ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೂ ಶುರುವಿಗೆ ಇದೇ ಕಥೆ, ಕಂಬದ ಮೇಲೆ ಕಂಬ. ಆದರೆ ಸೀರೀಸ್‌ನ 'ಆಪ್ಷನ್ಸ್' ಟ್ಯಾಬ್‌ನಲ್ಲಿ 'ಷೋ ಬಾರ್ಸ್ ಸೈಡ್ ಬೈ ಸೈಡ್' ಅಂತ ಒಂದು ಚೌಕ ಇದೆ. ಟಿಕ್ ಹಾಕಿದೆ, ಮೂರೂ ಕಂಬ ಸಾಲಾಗಿ ನಿಂತವು. ಅಷ್ಟೇ! ಒಂದು ಸಂಜೆಯೆಲ್ಲಾ ಖಾಲಿ ಕಾಲಂ ಜೊತೆ ಗುದ್ದಾಡಿದವನಿಗೆ ಹೊಟ್ಟೆ ಉರಿಯದೇ ಇರುತ್ತದಾ? ಚಾರ್ಟ್‌ನ ಅಂದಚಂದ ಎಕ್ಸೆಲ್‌ನಷ್ಟಿಲ್ಲ, ನಿಜ. ಆದರೆ ದುಡ್ಡಿಲ್ಲ, ಇಂಟರ್‌ನೆಟ್ ಬೇಡ. ಜುಲೈ ತಿಂಗಳಲ್ಲಿ ಕರೆಂಟ್ ಜೊತೆ ಟವರ್ ಕೂಡ ಮಲಗುವ ನಮ್ಮೂರಿಗೆ ಇದು ಸಣ್ಣ ಮಾತಲ್ಲ.

ಪೈಥಾನ್ ಪ್ರೋಗ್ರಾಮಿಂಗ್ ಬರುವವರಿಗೆ ಚಾರ್ಟ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಇದೆ. 'ಟ್ವಿನ್‌ಎಕ್ಸ್' ಅಂದರೆ ಬಲ ಅಕ್ಷ ರೆಡಿ. ಕಂಬ ಎಲ್ಲಿ ನಿಲ್ಲಬೇಕು ಅಂತ ಲೆಕ್ಕ ಹಾಕಿ ಕೊಡುವವರು ನಾವೇ, ಹಾಗಾಗಿ ಒಂದರ ಮೇಲೊಂದು ಬರುವ ತಾಪತ್ರಯ ಇಲ್ಲ. ಎರಡು ಅಕ್ಷದ ಲೆಜೆಂಡ್ ಬೇರೆ ಬೇರೆ ಬರುತ್ತದೆ, ಕೂಡಿಸಿಕೊಳ್ಳಬೇಕು. ನನಗೆ ತಲೆಬಿಸಿಯಾಗಿದ್ದು ಕನ್ನಡ. ಮೊದಲು ಅಕ್ಷರದ ಬದಲು ಬರೀ ಚೌಕಗಳು. ಕನ್ನಡ ಫಾಂಟ್ ಕೊಟ್ಟ ಮೇಲೆ ಅಕ್ಷರ ಬಂತು, ಆದರೆ ನನ್ನಲ್ಲಿರುವ ಆವೃತ್ತಿಯಲ್ಲಿ 'ರೊಬಸ್ಟಾ'ದ ಒತ್ತಕ್ಷರ ಕೆಳಗಿಳಿಯಲೇ ಇಲ್ಲ. ಅಪ್ಪನಿಗೆ ತೋರಿಸಬೇಕಾದ ಚಾರ್ಟ್ ಅಲ್ವಾ, ಕೈಬಿಟ್ಟೆ.

ಯಾವುದರಲ್ಲಿ ಮಾಡಿದರೂ ಎರಡು ಅಕ್ಷವನ್ನೂ ಸೊನ್ನೆಯಿಂದಲೇ ಶುರು ಮಾಡಿ. ನಾನು ಎಡಕ್ಕೆ 0ಯಿಂದ 200, ನಲವತ್ತರ ಹೆಜ್ಜೆ. ಬಲಕ್ಕೆ 0ಯಿಂದ 10, ಎರಡರ ಹೆಜ್ಜೆ ಇಟ್ಟೆ. ಎರಡರಲ್ಲೂ ಐದೇ ಹೆಜ್ಜೆ, ಅಡ್ಡಗೆರೆ ಎರಡಕ್ಕೂ ಹೊಂದುತ್ತದೆ. ಮಳೆಗೆ ನೀಲಿ, ಬಲ ಅಕ್ಷದ ಅಂಕಿಗೂ ಅದೇ ನೀಲಿ. ಮೊದಲ ಸಲ ಬಣ್ಣ ಕೊಡದೆ, ಬಲಕ್ಕೆ 5ರವರೆಗೆ ಮಾತ್ರ ಇಟ್ಟು ತೋರಿಸಿದಾಗ ಅಪ್ಪ, "ಏನೋ ಇದು, ಕಾಫಿಗಿಂತ ಮಳೆನೇ ಜಾಸ್ತಿ ಬಂದಿದೆಯಲ್ಲೋ" ಅಂದಿದ್ದರು.

ನಾನಂತೂ ಕ್ಯಾಲ್ಕ್‌ಗೇ ನಿಂತೆ. ಅದನ್ನು ಪ್ರಿಂಟ್ ಹಾಕಿ ಕೊಟ್ಟರೆ ಅಪ್ಪ ಕನ್ನಡಕ ಏರಿಸಿ ನೋಡಿ, "ಮಾರ್ಚಿಯ ಮಳೆಗೆ ಬಿಟ್ಟ ಹೂವು ಮುಂದಿನ ಜನವರಿಗೆ ಕೊಯ್ಲು. ನೀನು ಅದೇ ಜನವರಿಯ ಚೀಲದ ಪಕ್ಕ ಇಟ್ಟಿದ್ದೀಯ" ಅಂದರು. ಮಳೆಯ ಕಾಲಂ ಪೂರ್ತಿ ಒಂದು ಸಾಲು ಕೆಳಗಿಳಿಸಿ ಮತ್ತೆ ಪ್ರಿಂಟ್ ಹಾಕಿದೆ.