ಹಳೆಯ ಕಾರಿನ ನಾಕಿಂಗ್‌ಗೆ ಸರಿಯಾದ ತಪಾಸಣೆ: ಬಳ್ಳಾರಿ ಕೌಲ್ ಬಜಾರಿನ ಒಂದು ಗ್ಯಾರೇಜ್

ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಮಾರುತಿ 800 ಕಾರುಗಳನ್ನು ಇಂದಿಗೂ ತಾಳ್ಮೆಯಿಂದ ಪರೀಕ್ಷಿಸುವ ಚಿಕ್ಕ ಗ್ಯಾರೇಜೊಂದು ಬಳ್ಳಾರಿಯ ಕೌಲ್ ಬಜಾರಿನಲ್ಲಿದೆ. ಸಂಡೂರಿನ ಕಡೆಯ ಏರಿನಲ್ಲಿ, ಕಾರಿನ ತುಂಬ ಜನರಿದ್ದಾಗ, ನಮ್ಮ ಎಂಜಿನ್ನಿನಿಂದ ಟಣಟಣ ಎಂಬ ಸದ್ದು ಬರುತ್ತಿತ್ತು. ಬೇರೆ ಕಡೆ ತೋರಿಸಿದಾಗ ಒಳಗೆ ಕಾರ್ಬನ್ ಕಟ್ಟಿದೆ, ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಲೇಬೇಕು ಎಂದಿದ್ದರು. ಇಲ್ಲಿಯ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಕಾರನ್ನು ತಾವೇ ಓಡಿಸಿ ನೋಡಿದರು.

ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದಾಗಿದ್ದರೆ ಗಾಡಿ ನಿಂತಲ್ಲಿಯೂ ಕೇಳಿಸುತ್ತದೆ. ಇದು ಭಾರ ಬಿದ್ದಾಗ ಮಾತ್ರ ಬರುವುದರಿಂದ ನಾಕಿಂಗೇ, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಕ್ರಮವಾಗಿ ಉರಿಯದೆ ತಾನಾಗಿ ಸಿಡಿಯುವ ಸದ್ದೇ ಎಂದು ಅವರು ಖಚಿತಪಡಿಸಿಕೊಂಡರು. ನಮ್ಮೂರಿನ ಬಿಸಿಲಿಗೆ ಎಂಜಿನ್ ಅತಿಯಾಗಿ ಕಾದರೂ ನಾಕಿಂಗ್ ಬರಬಹುದಾದ್ದರಿಂದ ರೇಡಿಯೇಟರ್ ಮತ್ತು ಫ್ಯಾನ್ ನೋಡಿದರು. ಆಮೇಲೆ ಕಿಡಿ ಹಾರಿಸುವ ಪ್ಲಗ್‌ಗಳನ್ನು ಬಿಚ್ಚಿ ಬಣ್ಣ ಪರೀಕ್ಷಿಸಿದರು. ಶೇ. 20ರಷ್ಟು ಎಥೆನಾಲ್ ಬೆರೆತ ಈಗಿನ ಪೆಟ್ರೋಲ್‌ಗೆ ನಾಕಿಂಗ್ ತಡೆಯುವ ಗುಣ ಹೆಚ್ಚೇ ಇದ್ದರೂ, ಎಥೆನಾಲ್‌ನಲ್ಲಿ ಆಮ್ಲಜನಕವಿರುವುದರಿಂದಲೂ ಹಳೆಯ ಕಾರ್ಬ್ಯುರೇಟರ್ ಅದಕ್ಕೆ ತಕ್ಕಂತೆ ಇಂಧನವನ್ನು ತಾನಾಗಿ ಹೆಚ್ಚಿಸಿಕೊಳ್ಳಲಾರದ್ದರಿಂದಲೂ ಮಿಶ್ರಣ ತೆಳುವಾಗುತ್ತದೆ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ), ಅದರಿಂದಲೂ ನಾಕಿಂಗ್ ಬರಬಹುದು, ಆಗ ಪ್ಲಗ್ ಬಿಳಿಚಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ನಮ್ಮ ಪ್ಲಗ್‌ಗಳು ತಿಳಿಗಂದು ಬಣ್ಣದಲ್ಲಿದ್ದವು, ಅಂದರೆ ಮಿಶ್ರಣ ಸರಿಯಾಗಿತ್ತು.

ನಿಜವಾದ ಪರಿಣತಿ ಕಂಡದ್ದು ಟೈಮಿಂಗ್ ಲೈಟ್ (ಕಿಡಿ ಯಾವ ಕ್ಷಣಕ್ಕೆ ಹಾರುತ್ತದೆಂದು ತೋರಿಸುವ ಮಿನುಗು ದೀಪ) ಹಿಡಿದಾಗ. ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಿತ್ತು ಅದರ ಬಾಯಿ ಮುಚ್ಚಿ, ಐಡಲಿಂಗ್‌ನಲ್ಲಿ (ಆಕ್ಸಲರೇಟರ್ ಒತ್ತದೆ ಎಂಜಿನ್ ಓಡುವಾಗ) ಎಂಜಿನ್ನಿನ ಮೇಲಿನ ಟೈಮಿಂಗ್ ಗುರುತು ಸರಿಯಾದ ಜಾಗದಲ್ಲಿದೆ ಎಂದು ನನಗೂ ತೋರಿಸಿದರು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಇವರು ಆಕ್ಸಲರೇಟರನ್ನು ಮೆಲ್ಲಗೆ ಒತ್ತುತ್ತಾ ಹೋದರು. ವೇಗ ಏರಿದಂತೆ ಹಂತಹಂತವಾಗಿ ಸರಿಯಬೇಕಾದ ಗುರುತು ಸ್ವಲ್ಪ ವೇಗಕ್ಕೇ ಒಮ್ಮೆಲೇ ಮುಂದಕ್ಕೆ ಜಿಗಿಯಿತು. ಡಿಸ್ಟ್ರಿಬ್ಯೂಟರಿನೊಳಗೆ ತೂಕದ ಬಿಲ್ಲೆಗಳನ್ನು ಹಿಡಿದಿಡುವ ಸ್ಪ್ರಿಂಗ್ ಸಡಿಲಗೊಂಡು, ಕಿಡಿ ಬೇಗ ಹಾರುತ್ತಿದ್ದುದೇ ಕಾರಣವಾಗಿತ್ತು. ಹೆಡ್ ಬಿಚ್ಚಿದ್ದರೆ ದೊಡ್ಡ ಖರ್ಚಾಗುತ್ತಿತ್ತು, ಸದ್ದು ಹಾಗೇ ಉಳಿಯುತ್ತಿತ್ತು.

ಸ್ಪ್ರಿಂಗ್ ಸಿಗುವುದು ತಡವಾಯಿತು. ಅಲ್ಲಿಯವರೆಗೆ ಟೈಮಿಂಗ್ ತುಸು ಹಿಂದಕ್ಕೆ ಇಟ್ಟುಕೊಟ್ಟು, ಪಿಕಪ್ ಕಡಿಮೆಯಾಗುತ್ತದೆ ಎಂದು ಮೊದಲೇ ತಿಳಿಸಿದ್ದು ನನಗೆ ಮೆಚ್ಚುಗೆಯಾಯಿತು. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಅದೇ ಏರಿನಲ್ಲಿ ಸದ್ದಿಲ್ಲ. ಕೂಲಿ ನ್ಯಾಯವಾಗಿದೆ. ಬಿಲ್ಲಿನಲ್ಲಿ ಮಾತ್ರ ಕೆಲಸದ ವಿವರವಾಗಲಿ ಟೈಮಿಂಗ್ ಎಷ್ಟು ಡಿಗ್ರಿಗೆ ಇಟ್ಟರೆಂಬುದಾಗಲಿ ಇರುವುದಿಲ್ಲ. ಮುಂದಿನ ಸರ್ವಿಸ್‌ಗೆ ಬೇಕಾಗುವ ಆ ಅಂಕಿಯನ್ನು ಕೇಳಿ ಬರೆಸಿಕೊಳ್ಳಬೇಕು. ಇಂಜೆಕ್ಷನ್ ಕಾರುಗಳಿಗೆ ಬೇಕಾದ ಸ್ಕ್ಯಾನರ್ ಇವರಲ್ಲಿ ಇಲ್ಲ.